ಕಂದು ಬಣ್ಣವನ್ನು ನಂಬದ ಅಕ್ಕಾರು

ಬನಹಟ್ಟಿಯಿಂದ ಜಮಖಂಡಿಗೆ ಬರುವ ಮುಂಜಾನೆಯ ಬಸ್ಸು ಎಷ್ಟೇ ತುಂಬಿದ್ದರೂ ಅಕ್ಕಾರ ಪಕ್ಕದ ಸೀಟು ಖಾಲಿ ಇರುತ್ತಿತ್ತು. ಅದಕ್ಕೆ ಕಾರಣ ಅವರ ತೊಡೆಯ ಮೇಲೆ ಕೂತಿರುತ್ತಿದ್ದ ನೀಲಿ ಐಸ್ ಡಬ್ಬಿ. ಹೊಸದಾಗಿ ಬಂದ ಕಂಡಕ್ಟರ್ ಒಬ್ಬ ಒಳಗೆ ಮೀನಿರಬೇಕೆಂದು ಅನುಮಾನಪಟ್ಟು, "ಬಾಯಾರ, ಇದರಾಗ ಏನೈತ್ರಿ?" ಎಂದು ಗತ್ತಿನಲ್ಲಿ ಕೇಳಿದ್ದ. ಅಕ್ಕಾರು ಕಿಟಕಿಯಿಂದ ಮುಖ ತಿರುಗಿಸಲೂ ಇಲ್ಲ. "ನೇಕಾರರ ಕಫ ಐತ್ರಿ. ಒಂಬತ್ತ ಮಂದೀದು" ಎಂದರು. ಮುಂದೆ ಆ ಕಂಡಕ್ಟರನೇ ಹತ್ತುವವರನ್ನೆಲ್ಲ ಅವರ ಸೀಟಿನಿಂದ ದೂರ ಕೂರಿಸುತ್ತಿದ್ದನಂತೆ. ನಮ್ಮ ಸಂಶೋಧನೆಯಿಂದ ಅವರಿಗೆ ಆದ ಒಂದೇ ಲಾಭ ಇದು ಎಂದು ಅಕ್ಕಾರು ನಗುತ್ತಿದ್ದರು. ಅವರು ನಕ್ಕಿದ್ದು ನನಗೆ ನೆನಪಿರುವುದು ಕಡಿಮೆ.

ಹೋದ ಮಳೆಗಾಲದಲ್ಲಿ ಅವರು ತೀರಿಕೊಂಡರು. ನಾನೀಗ ಮುಧೋಳದಲ್ಲಿ ಪಾಠ ಮಾಡುತ್ತೇನೆ. ಸ್ಲೈಡು ತೊಳೆಯುವುದನ್ನು ಹುಡುಗಿಯರಿಗೆ ಹೇಳಿಕೊಡುವಾಗ ನನ್ನ ಬಾಯಿಂದ ಬರುವುದು ಅವರ ಮಾತೇ. ಆ ಮಾತು ಯಾರದೆಂದು ಹೇಳದೆ ಬಿಟ್ಟರೆ ಕಳ್ಳತನ ಮಾಡಿದಂತೆ ಅನ್ನಿಸುತ್ತದೆ.

ಅವರು ಜಮಖಂಡಿಯ ಒಂದು ಪ್ರಯೋಗಾಲಯದಲ್ಲಿ ಹಿರಿಯ ತಂತ್ರಜ್ಞೆಯಾಗಿದ್ದರು. ನಾನು ಅಲ್ಲಿ ಪಿಎಚ್.ಡಿ. ಮಾಡಲು ಸೇರಿದ ಬೀಳಗಿ ಕಡೆಯವನು. ಎಲ್ಲರೂ ಅವರನ್ನು ಅಕ್ಕಾರು ಎನ್ನುತ್ತಿದ್ದರು, ನಮ್ಮ ಗೈಡ್ ಸರ್ ಕೂಡ. ಒಡಹುಟ್ಟಿದ ಅಣ್ಣ ನೇಯ್ದ ದಪ್ಪ ಹತ್ತಿ ಸೀರೆಯನ್ನೇ ಉಡುತ್ತಿದ್ದರು. ಅಂಗಡಿಯ ಸೀರೆ ಉಟ್ಟಿದ್ದನ್ನು ನಾನು ನೋಡಿಲ್ಲ. ಅವರ ಅಪ್ಪ ದಮ್ಮಿನಿಂದ ಸತ್ತಿದ್ದರು. ಅಣ್ಣ ಇನ್ನೊಬ್ಬರ ಶೆಡ್ಡಿನಲ್ಲಿ ಪವರ್‌ಲೂಮ್ ನಡೆಸುತ್ತಿದ್ದ. ಮದುವೆಯಾಗದ ಅಕ್ಕಾರು ಅಣ್ಣ-ಅತ್ತಿಗೆಯರ ಜೊತೆ ಬನಹಟ್ಟಿಯ ಎರಡು ಕೋಣೆಯ ಮನೆಯಲ್ಲಿದ್ದರು.

ಮೊದಲ ವಾರದಲ್ಲೇ ನಾನು ಒಂದು ಸಣ್ಣ ಟ್ಯೂಬನ್ನು ಕೈಯಲ್ಲಿ ಹಿಡಿದು ಜೋರಾಗಿ ಅಲ್ಲಾಡಿಸಿದೆ. ಅವರು ಟ್ಯೂಬ್ ಕಸಿದುಕೊಂಡು, "ತಮ್ಮಾ, ಇದು ಮಜ್ಜಿಗಿ ಅಲ್ಲ" ಎಂದರು. ಮುಂದಿನ ಎಂಟು ದಿನ ಗಾಜಿನ ಸ್ಲೈಡು ತೊಳೆಯುವುದೇ ನನ್ನ ಕೆಲಸವಾಯಿತು. ಇನ್ನೊಮ್ಮೆ ನಾನು ದಾಖಲೆ ಪುಸ್ತಕದಲ್ಲಿ, ಬಣ್ಣ ಚೆನ್ನಾಗಿ ಬಂದಿದೆ ಎಂದು ಬರೆದಿದ್ದೆ. ಅವರು ಪೆನ್ನು ತೆಗೆದುಕೊಂಡು 'ಚೆನ್ನಾಗಿ' ಎಂಬುದನ್ನು ಹೊಡೆದುಹಾಕಿದರು. ಬಣ್ಣ ಬಂದಿದ್ದು ಸ್ಲೈಡಿನ ಮೇಲಿದೆ, ಚೆನ್ನಾಗಿ ಎನ್ನುವುದು ನಿನ್ನ ಆಸೆ, ಆಸೆ ಬರೆಯುವುದಕ್ಕೆ ಬೇರೆ ಪುಸ್ತಕ ಇಟ್ಟುಕೋ ಎಂದು ಹೇಳಿದರು.

ನಮ್ಮ ಕೆಲಸ ಏನೆಂದು ಇಲ್ಲಿ ಹೇಳಬೇಕು. ಮಗ್ಗದ ಶೆಡ್ಡಿನ ಗಾಳಿಯಲ್ಲಿ ಹತ್ತಿಯ ದೂಳು ತೇಲುತ್ತಿರುತ್ತದೆ. ಆ ದೂಳಿನಲ್ಲಿ ಸತ್ತ ಬ್ಯಾಕ್ಟೀರಿಯಾಗಳ ಚೂರುಗಳಿರುತ್ತವೆ. ನಮ್ಮ ಮೈಯ ಕೆಲವು ಕೋಶಗಳ ಮೇಲೆ, ಹುಟ್ಟುವಾಗಲೇ ಕೊಟ್ಟು ಕಳಿಸಿದ ಕಾವಲಿನಂತೆ, ಒಂದು ಗ್ರಾಹಕ ಪ್ರೋಟೀನ್ ಇರುತ್ತದೆ. ಅಂಥ ಚೂರು ತಾಗಿದೊಡನೆ ಅದು ಕೋಶವನ್ನು ಎಚ್ಚರಿಸುತ್ತದೆ. ಎಚ್ಚರ ಅತಿಯಾದರೆ ಎದೆಯೊಳಗೆ ಉರಿಯೂತ, ಬಿಗಿತ, ದಮ್ಮು. ನೇಕಾರರ ಕಫದ ಕೋಶಗಳಲ್ಲಿ ಈ ಗ್ರಾಹಕ ಉಳಿದವರಿಗಿಂತ ಹೆಚ್ಚಿದೆಯೇ ಎಂದು ನಾವು ನೋಡುತ್ತಿದ್ದೆವು. ಹೋಲಿಕೆಗೆ ಬೀಳಗಿ ಕಡೆಯ, ಮಗ್ಗ ಕಂಡಿರದ ಮಂದಿಯ ಕಫ.

ಗ್ರಾಹಕ ಕಣ್ಣಿಗೆ ಕಾಣುವುದಿಲ್ಲ. ಅದನ್ನು ಹುಡುಕಿ ಅದಕ್ಕೇ ಅಂಟಿಕೊಳ್ಳುವಂತೆ ಮೊಲದ ರಕ್ತದಿಂದ ತಯಾರಿಸಿದ ಆ್ಯಂಟಿಬಾಡಿ ಬೇಕು. ಅದು ಅಂಟಿದ ಕಡೆಯಲ್ಲೆಲ್ಲ ಇನ್ನೊಂದು ರಾಸಾಯನಿಕ ಕಂದು ಬಣ್ಣ ತರುತ್ತದೆ. ಹೊರದೇಶದಿಂದ ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಬರುವ ಬೆರಳ ತುದಿಯಷ್ಟು ಸೀಸೆ. ಅದರ ತಳದಲ್ಲಿ ಒಂದೆರಡು ಹನಿ. ಅಕ್ಕಾರು ಅದನ್ನು ಸಣ್ಣ ಸಣ್ಣ ಟ್ಯೂಬುಗಳಿಗೆ ಹಂಚುವಾಗ ಫ್ಯಾನು ನಿಲ್ಲಿಸುತ್ತಿದ್ದರು, ನಮ್ಮ ಮಾತನ್ನೂ ನಿಲ್ಲಿಸುತ್ತಿದ್ದರು.

ಮೊದಲ ಸೀಸೆ ನಮಗೆ ಬೇಕಾದ್ದನ್ನೆಲ್ಲ ಕೊಟ್ಟಿತು. ನೇಕಾರರ ಕೋಶಗಳು ಸುಟ್ಟ ಬೆಲ್ಲದ ಬಣ್ಣಕ್ಕೆ ತಿರುಗಿದವು, ಬೀಳಗಿಯವರ ಕೋಶಗಳು ಮಸುಕಾಗಿಯೇ ಉಳಿದವು. ಅಕ್ಕಾರ ಅಣ್ಣನ ಸ್ಲೈಡು ಎಲ್ಲಕ್ಕಿಂತ ಗಾಢ. ಅಕ್ಕಾರು ಅದನ್ನು ಸೂಕ್ಷ್ಮದರ್ಶಕದಲ್ಲಿ ಬಹಳ ಹೊತ್ತು ನೋಡಿ, ಎದ್ದು ಹೋಗಿ ಕೈ ತೊಳೆದುಕೊಂಡು ಬಂದರು.

ಸರ್‌ಗೆ ತಡೆಯಲಾಗದಷ್ಟು ಸಂತೋಷ. ಅವರು ಕೆಟ್ಟ ಮನುಷ್ಯ ಅಲ್ಲ. ವರ್ಷಗಟ್ಟಲೆ ಶೆಡ್ಡುಗಳ ದೂಳಿನ ಬಗ್ಗೆ ಅರ್ಜಿ ಬರೆದು, ಯಾರೂ ಓದದೆ, ದಣಿದಿದ್ದರು. ಈಗ ಕೈಯಲ್ಲಿ ಬಣ್ಣದ ಸಾಕ್ಷಿ ಇತ್ತು. ಬನಹಟ್ಟಿಯಲ್ಲಿ ಒಂದು ಸಭೆ ಗೊತ್ತು ಮಾಡಿದರು. ಮಗ್ಗದ ಮಾಲಕರು, ನೇಕಾರರು, ಇಲಾಖೆಯ ಇಬ್ಬರು ಅಧಿಕಾರಿಗಳು ಬರುವುದೆಂದಾಯಿತು. ಸಾಕ್ಷಿ ಒಪ್ಪಿಗೆಯಾದರೆ ಶೆಡ್ಡುಗಳಿಗೆ ದೂಳು ಹೊರಹಾಕುವ ಫ್ಯಾನು ಹಾಕಿಸುವ ಮಾತು. ಚಿತ್ರ ತೋರಿಸಿ ಮಾತಾಡಬೇಕಾದವನು ನಾನು. ಅದೇ ನನ್ನ ಪ್ರಬಂಧದ ಮುಖ್ಯ ಅಧ್ಯಾಯವೂ ಆಗಿತ್ತು.

ಸಭೆಗೆ ಹತ್ತು ದಿನವಿರುವಾಗ ಎರಡನೇ ಸೀಸೆ ಬಂತು. ಹನ್ನೆರಡು ಮಂದಿಯ ಸ್ಲೈಡು ಬಾಕಿ ಇದ್ದವು. ಅದೇ ಕಂಪನಿ, ಅದೇ ಹೆಸರು, ಚೀಟಿಯ ಮೇಲಿನ ಬ್ಯಾಚ್ ಸಂಖ್ಯೆ ಮಾತ್ರ ಬೇರೆ. ಹೊಸ ಸೀಸೆ ಬಂದಾಗ ಅಕ್ಕಾರದು ಒಂದು ಪದ್ಧತಿ ಇತ್ತು. ಹಳೆಯ ಜನರದೇ ಒಂದೆರಡು ಸ್ಲೈಡನ್ನು ಹೊಸದರಿಂದ ಮತ್ತೆ ಮಾಡಿ ನೋಡುವುದು. ನನಗೆ ಅದು ದಂಡದ ಕೆಲಸ ಅನ್ನಿಸುತ್ತಿತ್ತು.

ಆ ದಿನ ಮಧ್ಯಾಹ್ನ ಅವರು ಊಟದ ಡಬ್ಬಿ ಬಿಚ್ಚಿ ರೊಟ್ಟಿ ಮುರಿದರು, ಬಾಯಿಗೆ ಇಡಲಿಲ್ಲ. ಬಾ ಇಲ್ಲಿ ಎಂದು ನನ್ನನ್ನು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದರು. ನೋಡಿದೆ. ಕಂದು ಕೋಶಗಳು. ನೇಕಾರರದು ತಾನೇ ಎಂದೆ. ಅವರು ಸ್ಲೈಡಿನ ಚೀಟಿ ತೋರಿಸಿದರು. ಅದು ಬೀಳಗಿಯ ಒಬ್ಬ ಕುರಿಗಾರನದು. ಮೊದಲ ಸೀಸೆಯಲ್ಲಿ ಮಸುಕಾಗಿದ್ದ ಕೋಶಗಳು ಈಗ ನೇಕಾರರ ಕೋಶಗಳಷ್ಟೇ ಕಂದಾಗಿದ್ದವು.

ಹೊಸ ಸೀಸೆ ಕೆಟ್ಟಿದೆ, ದಾರಿಯಲ್ಲಿ ಬಿಸಿಲು ತಾಗಿದೆ, ವಾಪಸು ಕಳಿಸೋಣ ಎಂದು ಒಂದೇ ಉಸಿರಿನಲ್ಲಿ ಹೇಳಿದೆ. ಅಕ್ಕಾರು ರೊಟ್ಟಿಯ ಡಬ್ಬಿ ಮುಚ್ಚಿದರು.

"ಎರಡನೇದ ಖೊಟ್ಟಿ ಅಂತ ನಿನಗ ಹೆಂಗ ಗೊತ್ತು?" ಎಂದರು. "ಮೊದಲನೇದ ಖೊಟ್ಟಿ ಇರಬಾರದೇನು?"

ಆ ಪ್ರಶ್ನೆಗೆ ಉತ್ತರ ಸಿಗುವ ದಾರಿ ಒಂದೇ ಇತ್ತು. ಆ ಗ್ರಾಹಕವೇ ಇಲ್ಲದ ಒಂದು ಜಾತಿಯ ಕೋಶಗಳನ್ನು ಪ್ರಯೋಗಾಲಯಗಳಲ್ಲಿ ಬೆಳೆಸುತ್ತಾರೆ. ಆ್ಯಂಟಿಬಾಡಿ ನಿಜಕ್ಕೂ ಗ್ರಾಹಕಕ್ಕೆ ಮಾತ್ರ ಅಂಟುವುದಾದರೆ ಆ ಕೋಶಗಳು ಕಂದಾಗಬಾರದು. ಅಕ್ಕಾರು ಬೆಳಗಾವಿಯ ಪರಿಚಯದವರೊಬ್ಬರಿಗೆ ಫೋನು ಮಾಡಿದರು. ಎರಡು ದಿನ ರಜೆ ಹಾಕಿ ತಾವೇ ಹೋಗಿ, ಅಂಥ ಕೋಶಗಳನ್ನು ಸ್ಲೈಡಿನ ಮೇಲೆ ಹಚ್ಚಿಸಿ ಒಣಗಿಸಿಕೊಂಡು ಬಂದರು. ಸರ್‌ಗೆ ಇನ್ನೂ ಹೇಳಿರಲಿಲ್ಲ. ತಿಳಿಯದೆ ಏನನ್ನೂ ಹೇಳುವುದು ಬೇಡ ಎಂದಿದ್ದರು.

ಆದರೆ ಪರೀಕ್ಷೆಗೆ ಮೊದಲ ಸೀಸೆಯ ಆ್ಯಂಟಿಬಾಡಿ ಬೇಕಲ್ಲ. ಅದು ಮುಗಿದಿದೆ ಎಂದು ನಾನು ಹೇಳಿದೆ.

ಅದು ಸುಳ್ಳು. ಫ್ರೀಜರಿನಲ್ಲಿ ಒಂದು ಟ್ಯೂಬ್ ಉಳಿದಿತ್ತು. ಅವರು ಬೆಳಗಾವಿಯಲ್ಲಿದ್ದಾಗ ನಾನೇ ಅದನ್ನು ತೆಗೆದು, ಯಾರೂ ಮುಟ್ಟದ ಹಳೆಯ ಡಬ್ಬಿಗಳ ಹಿಂದೆ ಸರಿಸಿದ್ದೆ. ಒಡೆದುಹಾಕುವಷ್ಟು ಧೈರ್ಯ ಇರಲಿಲ್ಲ, ಅಲ್ಲಿ ಇದ್ದರೆ ಯಾರಿಗೂ ಬೇಕಾಗದು ಎಂಬ ಆಸೆ ಇತ್ತು. ಮೂರು ವರ್ಷದ ಕೆಲಸ ಆ ಟ್ಯೂಬಿನೊಳಗಿತ್ತು. ಮನೆಯಲ್ಲಿ ಅಪ್ಪ ಆಗಲೇ ಊರವರ ಮುಂದೆ ನನ್ನನ್ನು ಡಾಕ್ಟರ್ ಎನ್ನತೊಡಗಿದ್ದರು.

ಅಕ್ಕಾರು ಫ್ರೀಜರಿನ ಬಾಗಿಲು ತೆಗೆದು ನಿಂತರು. ಹೊಗೆಯಂಥ ತಣ್ಣನೆಯ ಆವಿ ಅವರ ಮೊಣಕೈ ಸುತ್ತ ಇಳಿಯುತ್ತಿತ್ತು. ಆಮೇಲೆ ನನ್ನ ಕಡೆ ತಿರುಗದೆಯೇ ಮಾತಾಡಿದರು.

"ತಮ್ಮಾ, ನಾ ಏಳು ಟ್ಯೂಬ್ ಮಾಡಿದ್ದೆ. ಆರು ಬಳಸಿದ್ದ ಪುಸ್ತಕದಾಗ ಐತಿ. ಏಳನೇದ ನೀನ ತಗದ ಕೊಡು. ನಾ ಹುಡುಕಿ ತಗದರ ನಾಳೆ ನೀ ನನ್ನ ಮಾರಿ ನೋಡಾಕ ಆಗೂದಿಲ್ಲ."

ಕೈ ಹಾಕಿ ತೆಗೆದುಕೊಟ್ಟೆ. ಬೆರಳು ತಣ್ಣಗೆ ಕೊರೆಯಿತು. ಅವರು ಅದನ್ನು ಐಸಿನ ಮೇಲಿಟ್ಟು, ಸ್ಲೈಡು ಜೋಡಿಸು ಎಂದರಷ್ಟೇ. ಆ ವಿಷಯವನ್ನು ಅವರು ಮತ್ತೆಂದೂ ಎತ್ತಲಿಲ್ಲ, ನನ್ನ ಮುಂದಾಗಲಿ ಬೇರೆಯವರ ಮುಂದಾಗಲಿ.

ಉಳಿದ ಹನಿ ಎರಡೇ ಸ್ಲೈಡಿಗೆ ಸಾಕಾಗುವಷ್ಟಿತ್ತು. ಒಂದರಲ್ಲಿ ಗ್ರಾಹಕವಿಲ್ಲದ ಕೋಶಗಳು, ಇನ್ನೊಂದರಲ್ಲಿ ನೇಕಾರರ ಕೋಶಗಳು. ಮೂರನೆಯ ಸ್ಲೈಡಿನ ಮೇಲೂ ಗ್ರಾಹಕವಿಲ್ಲದ ಕೋಶಗಳೇ. ಅದಕ್ಕೆ ಆ್ಯಂಟಿಬಾಡಿ ಹಾಕದೆ ಉಳಿದ ಎಲ್ಲವನ್ನೂ ಹಾಕಬೇಕು, ಬಣ್ಣ ಬೇರೆ ಯಾವುದರಿಂದಲೂ ಬರುತ್ತಿಲ್ಲ ಎಂದು ತಿಳಿಯಲು. ತಪ್ಪಿದರೆ ಮತ್ತೆ ಮಾಡಲು ಹನಿ ಇಲ್ಲ. ಬೆಳಿಗ್ಗೆ ಹತ್ತಕ್ಕೆ ಶುರುಮಾಡಿದೆವು. ನಡುವೆ ಕರೆಂಟು ಹೋಯಿತು. ಜನರೇಟರ್ ಶುರುವಾಗುವವರೆಗೆ ಅಕ್ಕಾರು ಒದ್ದೆ ಬಟ್ಟೆ ಹಾಸಿದ ಡಬ್ಬಿಯ ಮೇಲೆ ಎರಡೂ ಕೈ ಇಟ್ಟುಕೊಂಡು ನಿಂತಿದ್ದರು, ಸ್ಲೈಡುಗಳು ಒಣಗಬಾರದೆಂದು. ನಾನು ಗಡಿಯಾರ ನೋಡುತ್ತಿದ್ದೆ.

ಕೊನೆಗೆ ಬಣ್ಣದ ದ್ರಾವಣ. ಅದನ್ನು ಹಾಕಿದ ಮೇಲೆ ಬರೀ ಕಣ್ಣಿಗೇ ಬಣ್ಣ ಏರುವುದು ಕಾಣುತ್ತದೆ. ಒಂದು ನಿಮಿಷ ಏನೂ ಆಗಲಿಲ್ಲ. ನನ್ನ ಎದೆ ಹಗುರಾಗತೊಡಗಿತು. ಎರಡನೇ ನಿಮಿಷದಲ್ಲಿ ನೇಕಾರರ ಸ್ಲೈಡು ಕಂದಾಯಿತು. ಅದರ ಬೆನ್ನಿಗೇ, ಗ್ರಾಹಕವಿಲ್ಲದ ಕೋಶಗಳ ಸ್ಲೈಡೂ ನಿಧಾನವಾಗಿ ಚಹಾದ ಬಣ್ಣಕ್ಕೆ ತಿರುಗಿತು. ಆ್ಯಂಟಿಬಾಡಿ ಹಾಕದ ಸ್ಲೈಡು ಮಾತ್ರ ಬಿಳಿಯಾಗಿ ಉಳಿಯಿತು.

ಅಂದರೆ ನಮ್ಮ ಆ್ಯಂಟಿಬಾಡಿ ಗ್ರಾಹಕವೇ ಇಲ್ಲದ ಕಡೆಯೂ ಅಂಟುತ್ತಿತ್ತು. ನೇಕಾರರ ಕೋಶಗಳಲ್ಲಿ ಅದು ಹಿಡಿದದ್ದು ಏನನ್ನು ಎಂದು ನಮಗೆ ಆಗಲೂ ಗೊತ್ತಾಗಲಿಲ್ಲ, ಈಗಲೂ ಗೊತ್ತಿಲ್ಲ. ಅಕ್ಕಾರು ಮೂರೂ ಸ್ಲೈಡು ನೋಡಿ ಮುಗಿಸಿ, ಕುರ್ಚಿ ಹಿಂದೆ ಸರಿಸಿ, ಬರೆದುಕೊ ಎಂದರು. ಬರೆದೆ. ಅವರು ಓದಿ ನೋಡಿದರು. ಆ ದಿನ ಹೊಡೆದುಹಾಕುವಂಥ ಮಾತು ಅದರಲ್ಲಿ ಒಂದೂ ಇರಲಿಲ್ಲ.

ಸಂಜೆಯೊಳಗೆ ಸರ್ ಕೋಣೆಗೆ ಹೋದೆವು. ಸಭೆಗೆ ಮೂರು ದಿನ ಉಳಿದಿತ್ತು. ಸರ್ ಎಲ್ಲ ಕೇಳಿಸಿಕೊಂಡರು. ದೂಳಿನಿಂದ ಎದೆ ಕೆಡುವುದು ಸುಳ್ಳೇನು ಎಂದು ಕೇಳಿದರು. ಬಣ್ಣ ಯಾವುದಕ್ಕೆ ಅಂಟಿದರೇನು, ನೇಕಾರರಿಗೂ ಉಳಿದವರಿಗೂ ವ್ಯತ್ಯಾಸ ಬಂದಿದ್ದು ನಿಜ ತಾನೇ ಎಂದರು. ಎರಡನೇ ಸೀಸೆಯಲ್ಲಿ ಆ ವ್ಯತ್ಯಾಸವೂ ಇಲ್ಲ ಎಂದು ಅವರಿಗೆ ಮತ್ತೆ ಹೇಳಬೇಕಾಯಿತು. ಆಗ ಅವರು ದನಿ ತಗ್ಗಿಸಿ, ಅಕ್ಕಾರು ಕನಿಷ್ಠ ತಮ್ಮ ಅಣ್ಣನ ಬಗ್ಗೆಯಾದರೂ ವಿಚಾರ ಮಾಡಬೇಕೆಂದರು. ಈ ಸಭೆ ತಪ್ಪಿದರೆ ಅಧಿಕಾರಿಗಳು ಮತ್ತೆ ಈ ಕಡೆ ಮುಖ ಹಾಕುವುದಿಲ್ಲ ಎಂದರು.

ಅಕ್ಕಾರು ಕುರ್ಚಿ ಇದ್ದರೂ ನಿಂತೇ ಇದ್ದರು.

"ಸರ್ರ, ದೂಳು ಖರೆ ಐತ್ರಿ. ನಮ್ಮ ಅಣ್ಣನ ದಮ್ಮು ಖರೆ ಐತಿ. ಈ ಬಣ್ಣ ಖರೆ ಅಲ್ರಿ. ನಾವು ಇದನ್ನ ಮುಂದ ಮಾಡಿ, ನಾಳೆ ಯಾರರೆ ಇದು ಸುಳ್ಳು ಅಂತ ತೋರಿಸಿದ್ರ, ಅವರು ದಮ್ಮನ್ನೂ ಸುಳ್ಳ ಅಂತಾರ."

ನಾವು ಹೊರಗೆ ಬಂದೆವು. ಮೂರು ದಿನ ಸರ್ ನಮ್ಮಿಬ್ಬರ ಜೊತೆಗೂ ಮಾತಾಡಲಿಲ್ಲ. ಸಭೆಯ ದಿನ ಬನಹಟ್ಟಿಗೆ ಹೋಗುವಾಗ ಕಾರಿನಲ್ಲಿ, ಮಾತಾಡುವವನು ನೀನು, ಏನು ಹೇಳುತ್ತೀಯೋ ನಿನಗೆ ಬಿಟ್ಟಿದ್ದು ಎಂದರು. ಲ್ಯಾಪ್‌ಟಾಪಿನಲ್ಲಿ ಕಂದು ಚಿತ್ರಗಳು ಹಾಗೇ ಇದ್ದವು.

ಸಭಾಭವನ ತುಂಬಿತ್ತು. ಮುಂದೆ ಮಾಲಕರು, ಒಂದು ಬದಿಗೆ ಅಧಿಕಾರಿಗಳು, ಹಿಂದೆ ಅರ್ಧ ದಿನದ ಕೆಲಸ ಬಿಟ್ಟು ಬಂದ ನೇಕಾರರು. ಅಕ್ಕಾರ ಅಣ್ಣ ಮೂರನೇ ಸಾಲಿನಲ್ಲಿ ಕೂತಿದ್ದ. ಒಂದು ಮಾತಿಗೆ ಎರಡು ಸಲ ಉಸಿರು ತೆಗೆದುಕೊಳ್ಳುತ್ತಿದ್ದ ಮನುಷ್ಯ. ಅಕ್ಕಾರು ಬಾಗಿಲ ಹತ್ತಿರ ಹೆಂಗಸರ ನಡುವೆ ನಿಂತಿದ್ದರು. ನಾನು ಮೈಕ್ ಹಿಡಿದೆ. ಚಿತ್ರ ಹಚ್ಚಲಿಲ್ಲ. ಕಫದ ಪರೀಕ್ಷೆ ಮಾಡಿದ್ದು ಹೌದು, ನಾವು ಬಳಸಿದ ಆ್ಯಂಟಿಬಾಡಿ ಹಿಡಿಯಬೇಕಾದ್ದನ್ನು ಬಿಟ್ಟು ಬೇರೆಯದನ್ನೂ ಹಿಡಿದಿದೆ, ಹಾಗಾಗಿ ಅದರಿಂದ ಬಂದ ಫಲಿತಾಂಶ ನಂಬುವಂತಿಲ್ಲ ಎಂದು ಹೇಳಿದೆ. ನನ್ನ ದನಿ ನನಗೇ ದೂರದಿಂದ ಕೇಳುತ್ತಿತ್ತು.

ಒಂದು ಕ್ಷಣ ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಗದ್ದಲ ಎದ್ದಿತು. ಮುಂದಿನ ಸಾಲಿನ ಒಬ್ಬ ಮಾಲಕ, ಅಂದರೆ ನಮ್ಮ ಶೆಡ್ಡಿನಲ್ಲಿ ಏನೂ ದೋಷ ಇಲ್ಲ ಎಂದಾಯಿತಲ್ಲ ಎಂದು ನಕ್ಕ. ಅಧಿಕಾರಿಯೊಬ್ಬರು ಕಡತ ಕಟ್ಟತೊಡಗಿದರು. ಅಕ್ಕಾರ ಅಣ್ಣ ಎದ್ದು ನಿಂತ. ಅವನು ನನ್ನ ಕಡೆ ನೋಡಲಿಲ್ಲ, ಬಾಗಿಲ ಕಡೆ ನೋಡಿದ.

"ನಾವು ಉಗುಳಿ ಉಗುಳಿ ಕೊಟ್ಟಿವಿ" ಎಂದ. ಉಸಿರು ಸಿಗಲು ನಿಂತ. "ಕಡೀಗೆ ನಮ್ಮ ಮನಿ ಮಗಳ ನಮ್ಮನ್ನ ಸುಳ್ಳ ಮಾಡಿದ್ಲು."

ಸಭೆಯಲ್ಲಿ ಎಂದೂ ಮಾತಾಡದ ಅಕ್ಕಾರು ಆಗ ಮುಂದೆ ಬಂದರು. ಮೈಕ್ ತೆಗೆದುಕೊಳ್ಳಲಿಲ್ಲ. ಮಾಲಕರಿಗೆ ಕೈಮುಗಿದು ಮಾತಾಡಿದರು. ತಾವು ತಪ್ಪಿದ್ದು ಸೀಸೆಯೊಂದರ ವಿಷಯದಲ್ಲಿ, ಶೆಡ್ಡಿನ ಬಗ್ಗೆ ತಾವು ಇನ್ನೂ ಏನನ್ನೂ ಹೇಳಿಲ್ಲ, ದೋಷ ಇದೆ ಎಂದಾಗಲಿ ಇಲ್ಲ ಎಂದಾಗಲಿ. ಊದಿದರೆ ಉಸಿರಿನ ಬಲ ಎಷ್ಟೆಂದು ಮುಳ್ಳು ತೋರಿಸುವ ಒಂದು ಸಾದಾ ಕೊಳವೆ ಇದೆ. ವಾರದ ರಜೆ ಮುಗಿಸಿ ಬಂದ ದಿನ, ಕೆಲಸಕ್ಕೆ ಮೊದಲು ಒಮ್ಮೆ, ಕೆಲಸ ಮುಗಿದ ಮೇಲೆ ಒಮ್ಮೆ ನೇಕಾರರು ಊದಲಿ. ಮಾಲಕರೇ ಪಕ್ಕದಲ್ಲಿ ನಿಂತು ಮುಳ್ಳು ಓದಲಿ, ತಾವೇ ಬರೆದುಕೊಳ್ಳಲಿ. ಶೆಡ್ಡಿನೊಳಗೆ ಬರಲು ಒಪ್ಪಿಗೆ ಕೊಟ್ಟರೆ ಸಾಕು.

ಯಾರೂ ಒಪ್ಪಲಾರರು ಎಂದುಕೊಂಡೆ. ಕೊನೆಗೆ ಎರಡನೇ ಸಾಲಿನ ಒಬ್ಬ ವಯಸ್ಸಾದ ಮಾಲಕರು ಎದ್ದರು. ಕರಿಯ ಟೋಪಿಯ, ಮಾತು ಕಡಿಮೆಯ ಮನುಷ್ಯ.

"ತಮ್ಮ ತಪ್ಪು ತಾವ ಹೇಳೂ ಮಂದಿ ಇವರು" ಎಂದರು. "ನನ್ನ ಶೆಡ್ಡಿಗೆ ಬರ್ರಿ ಬಾಯಾರ. ಮುಳ್ಳು ನಾನ ಓದ್ತೇನಿ."

ಆ ಶೆಡ್ಡಿನಿಂದ ಶುರುವಾಯಿತು, ಆಮೇಲೆ ಇನ್ನೂ ನಾಲ್ಕು ಶೆಡ್ಡುಗಳವರು ಬಾಗಿಲು ತೆರೆದರು. ಮಗ್ಗಗಳ ಸದ್ದಿನಲ್ಲಿ ಮಾತು ಕೇಳಿಸದು, ಅಕ್ಕಾರು ಕೈಸನ್ನೆಯಲ್ಲೇ ಊದಿಸುತ್ತಿದ್ದರು. ಸಂಜೆಯ ಮುಳ್ಳು ಮುಂಜಾನೆಯದಕ್ಕಿಂತ ಕೆಳಗೆ ನಿಲ್ಲುವುದನ್ನು ಕರಿಯ ಟೋಪಿಯ ಮಾಲಕರು ತಾವೇ ನೋಡಿದರು. ಮೊದಮೊದಲು, ದಣಿವಿರಬೇಕು ಅಂದರು. ಆಮೇಲೆ ಅನ್ನಲಿಲ್ಲ. ಅವರ ಶೆಡ್ಡಿಗೆ ಮೊದಲು ಫ್ಯಾನು ಬಂತು, ಆಮೇಲೆ ಇನ್ನೆರಡು ಕಡೆ. ಉಳಿದವರು ಇಂದಿಗೂ ಹಾಕಿಸಿಲ್ಲ. ನನ್ನ ಪ್ರಬಂಧ ಎರಡು ವರ್ಷ ತಡವಾಯಿತು. ಅದರಲ್ಲಿ ಆ ಆ್ಯಂಟಿಬಾಡಿ ಯಾಕೆ ಕೆಲಸಕ್ಕೆ ಬಾರದು ಎಂಬ ಒಂದು ಅಧ್ಯಾಯವಿದೆ. ದೂರದ ಊರಿನ ಯಾರೋ ಒಬ್ಬಳು ವಿದ್ಯಾರ್ಥಿನಿ ಅದನ್ನು ಓದಿ, ತನ್ನ ಸ್ಲೈಡುಗಳೂ ಹಾಗೇ ಮೋಸ ಮಾಡಿದ್ದವೆಂದು ನನಗೆ ಬರೆದಳು. ಅಕ್ಕಾರಿಗೆ ಓದಿ ಹೇಳಿದೆ. ಒಂದು ಮನೆಯಾದರೂ ಈ ಮೋಸದಿಂದ ಉಳಿಯಿತು ಎಂದರು.

ಅವರ ಅಣ್ಣ ಮಾತ್ರ ಸಭೆಯ ದಿನದಿಂದ ತಂಗಿಯ ಜೊತೆ ಮಾತು ಬಿಟ್ಟ. ಒಂದೇ ಮನೆ, ಒಂದೇ ಒಲೆ. ತಟ್ಟೆ ಇಟ್ಟರೆ ಉಣ್ಣುತ್ತಿದ್ದ, ಮಾತಿಲ್ಲ. ಫ್ಯಾನು ಇದ್ದ ಶೆಡ್ಡಿಗೆ ಅವನಿಗೆ ಕೆಲಸ ಕೊಡಿಸಿದ್ದು ಅಕ್ಕಾರೇ. ಹೋದ, ಆದರೆ ಕೆಟ್ಟ ಎದೆ ಮರಳಿ ಸರಿಹೋಗುವಂಥದ್ದಲ್ಲ. ವರ್ಷಗಳ ಮೇಲೆ ಅಗತ್ಯಕ್ಕೆ ಬೇಕಾದಷ್ಟೇ ಮಾತು ಶುರುವಾಯಿತು, ಔಷಧ ತಂದೆಯಾ, ಬಾಗಿಲು ಹಾಕು, ಅಷ್ಟೇ. ಆ ದಿನದ ಮಾತನ್ನು ಇಬ್ಬರೂ ಎತ್ತಲಿಲ್ಲ.

ಅಕ್ಕಾರು ಹಾಸಿಗೆ ಹಿಡಿದ ಮೇಲೆ ನಾನು ನೋಡಲು ಹೋಗಿದ್ದೆ. ಬಿಸಿಲಿನ ಹೊತ್ತು. ಅತ್ತಿಗೆ ಸಂತೆಗೆ ಹೋಗಿದ್ದರು. ಅಣ್ಣ ಹೊಸ್ತಿಲಿಗೆ ಒರಗಿ, ನಮ್ಮ ಕಡೆ ಬೆನ್ನು ಹಾಕಿ ಕೂತಿದ್ದ. ಅಕ್ಕಾರು ಬಹಳ ಇಳಿದಿದ್ದರು. ಅದು ಇದು ಮಾತಾಡಿ, ಇಷ್ಟು ವರ್ಷ ಕೇಳದೆ ಉಳಿದಿದ್ದನ್ನು ಕೇಳಿದೆ. ಆ ದಿನ ಮೂರು ಸ್ಲೈಡಿಗೆ ಬಣ್ಣ ಹಾಕಿದಾಗ ಅವರ ಮನಸ್ಸಿನಲ್ಲಿ ಏನಿತ್ತು? ಅವರಿಗೆ ಮೊದಲೇ ಗೊತ್ತಿತ್ತೇ?

"ಗೊತ್ತಿದ್ದಿಲ್ಲ" ಎಂದರು. "ಮುಂಜಾನೆ ಬಸ್ ಹತ್ತೂ ಮೊದಲ ಗುಡಿಗೆ ಹೋಗಿದ್ದೆ ತಮ್ಮಾ. ಆ ಬೆಳಗಾವಿ ಸ್ಲೈಡ್ ಕಂದ ಆಗಬಾರದು, ನಮ್ಮ ಅಣ್ಣನ ಸ್ಲೈಡ್ ಖರೆ ಆಗಲಿ ಅಂತ ಬೇಡಕೊಂಡಿದ್ದೆ. ಬಣ್ಣ ಏರೂ ಮುಂದ, ಇನ್ನಾ ನೋಡೂದ ಬ್ಯಾಡ, ನೀರಿಗೆ ಹಾಕಿ ಬಣ್ಣ ನಿಲ್ಲಿಸಿಬಿಡ್ಲಿ ಅನಸ್ತು. ಕೈ ಅಲ್ಲೀ ತನಾ ಹೋಗಿತ್ತು."

ಹೊಸ್ತಿಲ ಕಡೆಯಿಂದ ಬರುತ್ತಿದ್ದ ಗೊರಗೊರ ಉಸಿರು ಒಂದು ಕ್ಷಣ ನಿಂತಂತಾಯಿತು. ಅಣ್ಣ ತಿರುಗಿ ನೋಡಲಿಲ್ಲ. ಬಾಗಿಲ ಚೌಕಟ್ಟು ಹಿಡಿದು ನಿಧಾನವಾಗಿ ಎದ್ದ, ಗೋಡೆ ಹಿಡಿಯುತ್ತ ಎರಡು ಕಡೆ ನಿಂತು ದಮ್ಮು ತೆಗೆದುಕೊಂಡು ಅಡಿಗೆಮನೆಗೆ ಹೋದ. ಒಳಗೆ ಪಾತ್ರೆಯ ಸದ್ದು, ಬೆಂಕಿಕಡ್ಡಿ ಗೀರಿದ ಸದ್ದು. ಬಹಳ ಹೊತ್ತಾದ ಮೇಲೆ ಒಂದು ಬಟ್ಟಲು ಚಹಾ ತಂದು, ತಂಗಿಯ ತಲೆಯ ಕೆಳಗೆ ಕೈ ಕೊಟ್ಟು ಎತ್ತಿ, ತಾನೇ ಕುಡಿಸಿದ.